ಬಾಸ್ಕೆಟ್‌ಬಾಲ್: ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಹೋಲಿಕೆ ಆಯಿತೇ?

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅದರ 1961–62ರ ಋತುವಿನಲ್ಲಿ ವಿಲ್ಟ್ ಚೇಂಬರ್ಲಿನ್ ಎಂಬ ಆಟಗಾರ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಬಾರಿಸಿದ್ದೂ ಇವರೇ. ಅದೇ ಋತುವಿನಲ್ಲಿ ಆಸ್ಕರ್ ರಾಬರ್ಟ್‌ಸನ್ ಎಂಬ ಇನ್ನೊಬ್ಬ ಆಟಗಾರ ಪಂದ್ಯಕ್ಕೆ 30.8 ಅಂಕ, 12.5 ರೀಬೌಂಡ್, 11.4 ಅಸಿಸ್ಟ್‌ಗಳ ಸರಾಸರಿ ಸಾಧಿಸಿದರು. ಮೂರರಲ್ಲೂ ಎರಡಂಕಿಯ ಸರಾಸರಿ, ಅಂದರೆ ಇಡೀ ಋತುವಿನ ‘ಟ್ರಿಪಲ್ ಡಬಲ್’, ಲೀಗಿನಲ್ಲಿ ಮತ್ತೆ ಕಾಣಿಸಿಕೊಳ್ಳಲು 55 ವರ್ಷ ಬೇಕಾಯಿತು.

ಹಾಗಾದರೆ ಆ ವರ್ಷದ ‘ಅತ್ಯಮೂಲ್ಯ ಆಟಗಾರ’ ಪ್ರಶಸ್ತಿ ಇವರಿಬ್ಬರಲ್ಲಿ ಯಾರಿಗೆ ಸಿಕ್ಕಿರಬಹುದು? ಇಬ್ಬರಿಗೂ ಇಲ್ಲ! ಪಂದ್ಯಕ್ಕೆ 18.9 ಅಂಕ ಗಳಿಸಿದ್ದ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಅದನ್ನು ಪಡೆದರು. ಇದು ಯಾರೋ ದೂರದಲ್ಲಿ ಕುಳಿತು ಮಾಡಿದ ತೀರ್ಮಾನವೂ ಅಲ್ಲ. ಆಗ ಈ ಪ್ರಶಸ್ತಿಗೆ ಮತ ಹಾಕುತ್ತಿದ್ದವರು ಆಟಗಾರರೇ. ಈ ಮೂವರ ಎದುರೂ ಅಂಗಳದಲ್ಲಿ ಓಡಿ ಬೆವರು ಸುರಿಸಿದವರು.

ಇಂದು ಯಾರಾದರೂ ಆ ಮೂವರ ಅಂಕಿಗಳನ್ನು ಒಂದು ಚಿತ್ರದಲ್ಲಿ ಅಕ್ಕಪಕ್ಕ ಜೋಡಿಸಿ ಹಂಚಿಕೊಂಡರೆ, ರಸೆಲ್ ಅವರಿಗೆ ಪ್ರಶಸ್ತಿ ಸಿಕ್ಕಿದ್ದೇ ಅನ್ಯಾಯ ಎನಿಸುತ್ತದೆ. ಆಟಗಾರರ ಹೋಲಿಕೆ ಎಂದರೆ ಇಂಥ ಪಟ್ಟಿ ಎಂದೇ ನಮ್ಮಲ್ಲಿ ಬಹುತೇಕರು ನಂಬಿದ್ದೇವೆ. ಯಾರ ಅಂಕಿ ದೊಡ್ಡದೋ ಅವರು ದೊಡ್ಡ ಆಟಗಾರರು ಎಂಬ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆ? ತಪ್ಪದಂತೆ ಹೋಲಿಸುವುದು ಸಾಧ್ಯವೇ?

ಮೊದಲು ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಅಂಗಳದಲ್ಲಿ ಪ್ರತಿ ತಂಡದ ಐದು ಜನ ಇರುತ್ತಾರೆ. ಚೆಂಡನ್ನು ಮುನ್ನಡೆಸಿ ಆಟ ಕಟ್ಟುವ ಗಾರ್ಡ್‌ಗಳು ಸಾಮಾನ್ಯವಾಗಿ ತಂಡದಲ್ಲಿ ಕುಳ್ಳಗಿನವರು (ಎನ್‌ಬಿಎಯಲ್ಲಿ ಕುಳ್ಳು ಎಂದರೆ ಆರಡಿ ಮೂರಂಗುಲ!). ಬುಟ್ಟಿಯ ಹತ್ತಿರ ನಿಲ್ಲುವ ಎತ್ತರದವರು ಸೆಂಟರ್. ಇವರ ನಡುವಿನವರು ಫಾರ್ವರ್ಡ್‌ಗಳು. ಗುರಿ ತಪ್ಪಿದ ಎಸೆತವನ್ನು ಹಿಡಿದರೆ ಅದು ರೀಬೌಂಡ್. ಜೊತೆಗಾರನ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್ ಅಸಿಸ್ಟ್. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆದರೆ ಬ್ಲಾಕ್, ಚೆಂಡನ್ನು ಕಿತ್ತುಕೊಂಡರೆ ಸ್ಟೀಲ್.

ಎಷ್ಟರಲ್ಲಿ ಎಷ್ಟು?

ಮಾರುಕಟ್ಟೆಯಲ್ಲಿ ಒಬ್ಬರು 40 ಕಾಯಿ ಮಾರಿದರು, ಇನ್ನೊಬ್ಬರು 25 ಮಾರಿದರು ಎಂದಷ್ಟೇ ಕೇಳಿ ಯಾರ ವ್ಯಾಪಾರ ಚೆನ್ನಾಗಿತ್ತು ಎಂದು ಹೇಳುವುದಿಲ್ಲ. ಯಾರು ಎಷ್ಟು ತಂದಿದ್ದರು, ಎಷ್ಟು ಹೊತ್ತು ಕುಳಿತಿದ್ದರು ಎಂದು ಕೇಳುತ್ತೇವೆ. ಬಾಸ್ಕೆಟ್‌ಬಾಲಿನ ಅಂಕಿಗಳನ್ನು ನೋಡುವಾಗ ಮಾತ್ರ ಈ ವ್ಯವಹಾರಜ್ಞಾನ ಮರೆತುಹೋಗುತ್ತದೆ.

1961–62ರ ಆಟ ಇಂದಿನದಕ್ಕಿಂತ ತುಂಬ ವೇಗದ್ದು. ಚೆಂಡು ಸಿಕ್ಕ ತಕ್ಷಣ ಓಡು, ಎಸೆ ಎನ್ನುವ ಧಾಟಿ. ಒಂದು ತಂಡದ ಕೈಗೆ ಚೆಂಡು ಬಂದಾಗಿನಿಂದ ಅದು ಎದುರಾಳಿಯ ಕೈ ಸೇರುವವರೆಗಿನ ಅವಧಿಯನ್ನು ಪೊಸೆಷನ್ ಎನ್ನುತ್ತಾರೆ. ನಾವು ‘ಸರದಿ’ ಎನ್ನೋಣ. 48 ನಿಮಿಷದ ಪಂದ್ಯದಲ್ಲಿ ತಂಡವೊಂದಕ್ಕೆ ಆಗ ಅಂದಾಜು 126 ಸರದಿ ಸಿಗುತ್ತಿತ್ತು. 2016–17ರಲ್ಲಿ ಸಿಕ್ಕಿದ್ದು ಸುಮಾರು 96. ಆಗ ತಂಡವೊಂದು ಪಂದ್ಯಕ್ಕೆ ಸುಮಾರು 108 ಬಾರಿ ಬುಟ್ಟಿಗೆ ಎಸೆಯುತ್ತಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗುರಿ ತಪ್ಪುತ್ತಿದ್ದವು. 2016–17ರ ಹೊತ್ತಿಗೆ ಎಸೆತಗಳು ಸುಮಾರು 85ಕ್ಕೆ ಇಳಿದಿದ್ದವು, ಗುರಿ ತಪ್ಪುವ ಪ್ರಮಾಣವೂ ತಗ್ಗಿತ್ತು. ತಪ್ಪಿದ ಎಸೆತಗಳೇ ರೀಬೌಂಡಿನ ಕಚ್ಚಾ ಮಾಲು. ಅವು ಕಡಿಮೆಯಾದರೆ ರೀಬೌಂಡ್ ಎಲ್ಲಿಂದ ಬರಬೇಕು? ಒಂದು ತಂಡಕ್ಕೆ ಪಂದ್ಯಕ್ಕೆ ಸಿಗುತ್ತಿದ್ದ ರೀಬೌಂಡುಗಳು 71ರ ಆಸುಪಾಸಿನಿಂದ 43ರ ಆಸುಪಾಸಿಗೆ ಇಳಿದಿದ್ದವು.

2016–17ರ ಹೆಸರನ್ನು ಸುಮ್ಮನೆ ಎತ್ತಿದ್ದಲ್ಲ. ಆ ಋತುವಿನಲ್ಲಿ ಒಕ್ಲಹೋಮ ಸಿಟಿ ತಂಡದ ರಸೆಲ್ ವೆಸ್ಟ್‌ಬ್ರೂಕ್ 31.6 ಅಂಕ, 10.7 ರೀಬೌಂಡ್, 10.4 ಅಸಿಸ್ಟ್‌ಗಳ ಸರಾಸರಿಯೊಡನೆ ರಾಬರ್ಟ್‌ಸನ್ ದಾಖಲೆಯ ಸಾಲಿಗೆ ಬಂದರು. ಪಟ್ಟಿ ನೋಡಿದರೆ ರೀಬೌಂಡಿನಲ್ಲಿ ರಾಬರ್ಟ್‌ಸನ್ ಮುಂದೆ ಇದ್ದಾರೆ, 12.5ಕ್ಕೆ 10.7. ಈಗ ‘ಎಷ್ಟರಲ್ಲಿ’ ಎಂದು ಕೇಳಿ ನೋಡೋಣ. ರಾಬರ್ಟ್‌ಸನ್ ಪಂದ್ಯಕ್ಕೆ 44.3 ನಿಮಿಷ ಆಡಿದರು, ವೆಸ್ಟ್‌ಬ್ರೂಕ್ 34.6 ನಿಮಿಷ. ಎರಡೂ ತಂಡಗಳದ್ದು ಸೇರಿಸಿದರೆ, ರಾಬರ್ಟ್‌ಸನ್ ಅಂಗಳದಲ್ಲಿದ್ದಾಗ ಸುಮಾರು 131 ರೀಬೌಂಡುಗಳು ಲಭ್ಯವಿದ್ದವು. ವೆಸ್ಟ್‌ಬ್ರೂಕ್ ಇದ್ದಾಗ ಸುಮಾರು 63. ಲೀಗಿನ ಸರಾಸರಿಯನ್ನು ಇಟ್ಟುಕೊಂಡು ಮಾಡಿದ ಈ ಸರಿಸುಮಾರು ಲೆಕ್ಕದಲ್ಲಿ, ಮೊದಲನೆಯವರು ಸಿಗಬಹುದಾಗಿದ್ದ ರೀಬೌಂಡುಗಳಲ್ಲಿ ಶೇಕಡಾ ಹತ್ತರಷ್ಟನ್ನೂ ಮುಟ್ಟಲಿಲ್ಲ. ಎರಡನೆಯವರು ಶೇಕಡಾ 17ರಷ್ಟನ್ನು ಬಾಚಿಕೊಂಡರು. ಪಟ್ಟಿ ಹೇಳಿದ್ದಕ್ಕೆ ಪೂರ್ತಿ ತದ್ವಿರುದ್ಧ!

ಆದರೆ ಇಲ್ಲಿಗೇ ನಿಂತು ವೆಸ್ಟ್‌ಬ್ರೂಕ್ ಅವರಿಗೆ ಹಾರ ಹಾಕುವಂತಿಲ್ಲ. ಫ್ರೀ ಥ್ರೋ ತಪ್ಪಿದಾಗ ಅವರ ತಂಡದ ದೈತ್ಯರು ಎದುರಾಳಿಗಳನ್ನು ಬೆನ್ನಿನಿಂದ ತಡೆದು ನಿಂತು, ಚೆಂಡನ್ನು ವೆಸ್ಟ್‌ಬ್ರೂಕ್ ಕೈಗೆ ಬಿಡುತ್ತಿದ್ದರು ಎಂಬ ಟೀಕೆ ಆಗಲೇ ಇತ್ತು. ಗಾರ್ಡ್ ಕೈಗೆ ಚೆಂಡು ನೇರವಾಗಿ ಬಂದರೆ ಪ್ರತಿದಾಳಿ ಬೇಗ ಶುರುವಾಗುತ್ತದೆ, ಆದ್ದರಿಂದ ಇದು ತಂತ್ರವೂ ಹೌದು. ರೀಬೌಂಡ್ ಬರೆದುಕೊಳ್ಳುವವರು ಹಿಡಿದವರ ಹೆಸರನ್ನು ಬರೆಯುತ್ತಾರೆ, ಬೆನ್ನು ಕೊಟ್ಟು ನಿಂತವರ ಹೆಸರನ್ನಲ್ಲ. ಅಂದಹಾಗೆ ಟ್ರಿಪಲ್ ಡಬಲ್ಲಿನ ಮೋಹವೂ ಸ್ವಲ್ಪ ತಮಾಷೆಯದೇ. ಒಂಬತ್ತನೆಯ ರೀಬೌಂಡಿಗೂ ಹತ್ತನೆಯದಕ್ಕೂ ಪಂದ್ಯದ ಫಲಿತಾಂಶದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ನಮ್ಮ ಕೈಗೆ ಹತ್ತು ಬೆರಳಿರುವುದರಿಂದ ಹತ್ತು ದೊಡ್ಡ ಸಂಖ್ಯೆಯಾಗಿದೆ, ಅಷ್ಟೇ.

ಚೇಂಬರ್ಲಿನ್ ಅವರ 50.4ಕ್ಕೂ ಇದೇ ಪರೀಕ್ಷೆ ಮಾಡಬಹುದು. ತಂಡದ 100 ಸರದಿಗಳಿಗೆ ಎಷ್ಟು ಅಂಕ ಎಂದು ಲೆಕ್ಕ ಹಾಕಿದರೆ ಅದು 40ರ ಆಸುಪಾಸಿಗೆ ಬರುತ್ತದೆ. 2018–19ರಲ್ಲಿ ಪಂದ್ಯಕ್ಕೆ 36.1 ಅಂಕ ಗಳಿಸಿದ ಜೇಮ್ಸ್ ಹಾರ್ಡನ್ ಅವರದ್ದು ಇದೇ ಅಳತೆಯಲ್ಲಿ ಸುಮಾರು 48! ಆದರೆ ಇಲ್ಲಿ ಅಳತೆಗೋಲೇ ಒಂದು ಅನ್ಯಾಯ ಮಾಡುತ್ತದೆ. 48 ನಿಮಿಷದ ಪಂದ್ಯದಲ್ಲಿ ಚೇಂಬರ್ಲಿನ್ ಆ ಋತುವಿನಲ್ಲಿ ಆಡಿದ್ದು ಸರಾಸರಿ 48.5 ನಿಮಿಷ (ಹೆಚ್ಚುವರಿ ಅವಧಿಯ ಆಟವೂ ಸೇರಿ). ಇಡೀ ಋತುವಿನಲ್ಲಿ ಅವರು ಅಂಗಳದಿಂದ ಹೊರಗಿದ್ದದ್ದು ಕೇವಲ ಎಂಟು ನಿಮಿಷ. ಹಾರ್ಡನ್ ಸುಮಾರು 37 ನಿಮಿಷ ಆಡಿ ಉಳಿದ ಹೊತ್ತು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ನಿಮಿಷಕ್ಕೆ, ಸರದಿಗೆ ಎಂದು ಭಾಗಿಸುವ ಲೆಕ್ಕ ದಣಿವನ್ನು ಕಾಣುವುದಿಲ್ಲ. ಹತ್ತೇ ನಿಮಿಷ ಬಂದು ಚೆನ್ನಾಗಿ ಆಡಿ ಹೋಗುವ ಬದಲಿ ಆಟಗಾರರನ್ನು ಇದು ಆಕಾಶಕ್ಕೇರಿಸುತ್ತದೆ. ಆದ್ದರಿಂದ ಒಟ್ಟು ಮೊತ್ತ, ಸರಾಸರಿ, ಪಾಲು ಮೂರನ್ನೂ ನೋಡದೆ ತೀರ್ಪು ಕೊಡುವುದು ಅವಸರವಾಗುತ್ತದೆ.

71 ಶೇಕಡಾ ಮತ್ತು 50 ಶೇಕಡಾ: ಗುರಿಕಾರ ಯಾರು?

ಕಾಲದ ಅಂತರ ಬಿಡಿ, ಒಂದೇ ಕಾಲದವರನ್ನು ಹೋಲಿಸುವಾಗಲೂ ಸ್ಥಾನದ ತೊಡಕು ಇದ್ದೇ ಇದೆ. ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ವಿಕೆಟ್ ಕೀಪರ್ ಅತಿ ಹೆಚ್ಚು ಕ್ಯಾಚ್ ಹಿಡಿಯುತ್ತಾರೆ. ಹಾಗಂತ ಬೌಂಡರಿಯಲ್ಲಿ ಓಡುವವರಿಗಿಂತ ಅವರು ಐದು ಪಟ್ಟು ಉತ್ತಮ ಫೀಲ್ಡರ್ ಎಂದು ಯಾರೂ ವಾದಿಸುವುದಿಲ್ಲ. ನಿಂತ ಜಾಗವೇ ಹಾಗಿದೆ. ಬಾಸ್ಕೆಟ್‌ಬಾಲಿನ ಸೆಂಟರ್‌ಗೆ ರೀಬೌಂಡು, ಬ್ಲಾಕುಗಳು ಹೀಗೆಯೇ ನಿಂತ ಜಾಗದ ಫಸಲು. ಗಾರ್ಡ್‌ಗೆ ಅಸಿಸ್ಟ್ ಕೂಡ ಅಷ್ಟೇ.

ಇದಕ್ಕಿಂತ ಹೆಚ್ಚು ಕಣ್ಕಟ್ಟು ಮಾಡುವುದು ಗುರಿಯ ಶೇಕಡಾವಾರು. ಡಿಆಂಡ್ರೆ ಜೋರ್ಡನ್ ಎಂಬ ಸೆಂಟರ್ 2014–15ರ ಋತುವಿನಲ್ಲಿ 534 ಎಸೆತಗಳಲ್ಲಿ 379 ಬುಟ್ಟಿಗೆ ಹಾಕಿದರು, ಶೇಕಡಾ 71. ಮರುವರ್ಷ ಸ್ಟೀಫನ್ ಕರಿ ಎಂಬ ಗಾರ್ಡ್ 1,598 ಎಸೆತಗಳಲ್ಲಿ 805 ಹಾಕಿದರು, ಶೇಕಡಾ 50.4. ಹಾಗಾದರೆ ಜೋರ್ಡನ್ ದೊಡ್ಡ ಗುರಿಕಾರರೇ? ಬಾಸ್ಕೆಟ್‌ಬಾಲ್ ಗೊತ್ತಿರುವ ಯಾರನ್ನು ಕೇಳಿದರೂ ನಗುತ್ತಾರೆ. ಕರಿ ಆ ಆಟ ಕಂಡ ಅತ್ಯುತ್ತಮ ಗುರಿಕಾರರು ಎಂಬ ಬಗ್ಗೆ ಹೆಚ್ಚು ಜಗಳವಿಲ್ಲ. ನಗುವುದು ಸುಲಭ, ಆದರೆ ಅಂಕಿ ಯಾಕೆ ಬೇರೆ ಹೇಳುತ್ತಿದೆ ಎಂದು ಬಿಡಿಸಬೇಕಲ್ಲ?

ಮೊದಲ ಸಂಗತಿ, ಎಲ್ಲ ಬುಟ್ಟಿಗಳಿಗೂ ಒಂದೇ ಬೆಲೆ ಇಲ್ಲ. ದೂರದ ಗೆರೆಯ ಆಚೆಯಿಂದ ಹಾಕಿದರೆ ಮೂರು ಅಂಕ. ಕರಿ ಅವರ 805 ಬುಟ್ಟಿಗಳಲ್ಲಿ 402 ಇಂಥವು. ಒಂದು ಋತುವಿನಲ್ಲಿ ಯಾರೂ ಅಷ್ಟು ಹಾಕಿರಲಿಲ್ಲ. ಜೋರ್ಡನ್ ಅವರದ್ದರಲ್ಲಿ ಒಂದೇ ಒಂದು! ಎರಡನೆಯದು, ಎದುರಾಳಿ ನಿಯಮ ಮೀರಿ ತಡೆದಾಗ ಸಿಗುವ ಫ್ರೀ ಥ್ರೋಗಳು ಈ ಶೇಕಡಾವಾರಿನಲ್ಲಿ ಸೇರುವುದೇ ಇಲ್ಲ. ಜೋರ್ಡನ್ 471 ಫ್ರೀ ಥ್ರೋಗಳಲ್ಲಿ ಹಾಕಿದ್ದು 187, ಶೇಕಡಾ ನಲವತ್ತೂ ಇಲ್ಲ. ಕರಿ 400ರಲ್ಲಿ 363 ಹಾಕಿದರು.

ಇವೆಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲು ‘ಟ್ರೂ ಶೂಟಿಂಗ್’ ಎಂಬ ಅಳತೆ ಇದೆ. ಅದರ ಹಿಂದಿನ ಪ್ರಶ್ನೆ ಸರಳ: ಅಂಕ ಗಳಿಸಲು ಬಳಸಿಕೊಂಡ ಪ್ರತಿ ಅವಕಾಶಕ್ಕೆ ಎಷ್ಟು ಅಂಕ ಬಂತು? ಎಸೆತ ಒಂದಾದರೆ ಅವಕಾಶ ಒಂದು. ಫ್ರೀ ಥ್ರೋಗಳು ಹೆಚ್ಚಾಗಿ ಎರಡೆರಡಾಗಿ ಸಿಗುವುದರಿಂದ ಒಂದೊಂದನ್ನೂ ಅರ್ಧ ಅವಕಾಶ ಎನ್ನಬಹುದಿತ್ತು. ಆದರೆ ಬುಟ್ಟಿಗೆ ಹಾಕಿದ ಮೇಲೆ ಬೋನಸ್ಸಾಗಿ ಸಿಗುವ ಒಂಟಿ ಫ್ರೀ ಥ್ರೋಗಳೂ ಇರುವುದರಿಂದ ಅದನ್ನು 0.44 ಎಂದು ಹಿಡಿಯುತ್ತಾರೆ. ಈಗ ಲೆಕ್ಕ ಹಾಕಿ. ಜೋರ್ಡನ್ ಬಳಸಿದ ಅವಕಾಶಗಳು 534ಕ್ಕೆ 471ರ 0.44 ಪಾಲು ಸೇರಿಸಿದರೆ ಸುಮಾರು 741. ಗಳಿಸಿದ ಅಂಕ 946. ಅವಕಾಶಕ್ಕೆ 1.28 ಅಂಕ. ಕರಿ ಬಳಸಿದ್ದು 1,774 ಅವಕಾಶ, ಗಳಿಸಿದ್ದು 2,375 ಅಂಕ. ಅವಕಾಶಕ್ಕೆ 1.34. ಇಪ್ಪತ್ತು ಶೇಕಡಾ ಹಿಂದಿದ್ದವರು ಈಗ ಮುಂದೆ ಬಂದರು.

ಇಷ್ಟಾದರೂ ಹೋಲಿಕೆ ಇನ್ನೂ ನ್ಯಾಯವಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. 1.28ಕ್ಕೂ 1.34ಕ್ಕೂ ಅಂಥ ಅಂತರವೇನಿಲ್ಲ ಎಂದು ಯಾರಾದರೂ ಹೇಳಬಹುದು. ಜೋರ್ಡನ್ ಅವರ ಬುಟ್ಟಿಗಳು ಹೇಗೆ ಬರುತ್ತಿದ್ದವು? ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಅಸಿಸ್ಟ್ ಕೊಟ್ಟ ಕ್ರಿಸ್ ಪಾಲ್ ಅವರ ತಂಡದಲ್ಲಿದ್ದರು. ಪಾಲ್ ರಕ್ಷಕರನ್ನು ತಮ್ಮತ್ತ ಸೆಳೆದು ಚೆಂಡನ್ನು ಬುಟ್ಟಿಯ ಬಳಿ ಎತ್ತರಕ್ಕೆ ತೇಲಿಸುತ್ತಿದ್ದರು, ಜೋರ್ಡನ್ ಹಾರಿ ಅದನ್ನು ಒಳಗೆ ತುರುಕುತ್ತಿದ್ದರು. ಅಡುಗೆ ಒಬ್ಬರದು, ಬಡಿಸಿದ್ದು ಇನ್ನೊಬ್ಬರು. ಕರಿ ತಮ್ಮ ಬಹುಪಾಲು ಅವಕಾಶಗಳನ್ನು ತಾವೇ ಸೃಷ್ಟಿಸಿಕೊಳ್ಳಬೇಕಿತ್ತು. ಅದೂ ಎದುರಾಳಿ ತಂಡದ ಇಬ್ಬರು ಮೈಮೇಲೆ ಬರುತ್ತಿರುವಾಗ. ಅಂಥ ಅವಕಾಶಗಳ ಸಂಖ್ಯೆ ಹೆಚ್ಚಾದಷ್ಟೂ ಸುಲಭದವು ಮುಗಿದು ಕಷ್ಟದವು ಉಳಿಯುತ್ತವೆ, ದಕ್ಷತೆ ಇಳಿಯುತ್ತದೆ. ಎರಡು ಪಟ್ಟಿಗೂ ಹೆಚ್ಚು ಹೊರೆ ಹೊತ್ತು ದಕ್ಷತೆಯಲ್ಲೂ ಮುಂದಿರುವುದು ಬೇರೆಯೇ ಸಂಗತಿ. ಆ ಋತುವಿನಲ್ಲಿ ಒಂದೂ ಮತ ಆಚೆ ಹೋಗದೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದ ಮೊದಲಿಗರು ಕರಿ ಆಗಿದ್ದು ಇದಕ್ಕೇ.

ಹಾಗಂತ ಜೋರ್ಡನ್ ಅವರನ್ನು ಕಡೆಗಣಿಸುವುದೂ ಸರಿಯಲ್ಲ. ಅವರು ಆ ಋತುವಿನಲ್ಲಿ ಪಂದ್ಯಕ್ಕೆ 15 ರೀಬೌಂಡ್ ಹಿಡಿದರು, ಲೀಗಿಗೇ ಹೆಚ್ಚು. ಅವರ ಕೆಲಸ ಬೇರೆ, ಅದನ್ನು ಅವರು ಚೆನ್ನಾಗಿ ಮಾಡಿದರು. ಬಡಗಿಯನ್ನೂ ಗಾರೆಯವರನ್ನೂ ಹೊಡೆದ ಮೊಳೆಗಳ ಲೆಕ್ಕದಿಂದ ಹೋಲಿಸಿದರೆ ತಪ್ಪು ಯಾರದು?

‘ಅವರವರ ಸ್ಥಾನದ ಸರಾಸರಿಗೆ ಹೋಲಿಸಿ ನೋಡಿದರೆ ಆಯಿತಲ್ಲ?’ ಎಂದು ನೀವು ಕೇಳಬಹುದು. ಸೆಂಟರ್‌ಗಳನ್ನು ಸೆಂಟರ್‌ಗಳ ಜೊತೆ, ಗಾರ್ಡ್‌ಗಳನ್ನು ಗಾರ್ಡ್‌ಗಳ ಜೊತೆ ಇಟ್ಟು, ಯಾರು ತಮ್ಮ ಗುಂಪಿನ ಸರಾಸರಿಯಿಂದ ಎಷ್ಟು ಮೇಲಿದ್ದಾರೆ ಎಂದು ನೋಡುವುದು. ಇದು ಒಳ್ಳೆಯ ಹೆಜ್ಜೆ. ಆದರೆ ಇಲ್ಲೊಂದು ಗುಂಡಿ ಇದೆ. ಪಂದ್ಯಕ್ಕೆ ಎಂಟು ಅಸಿಸ್ಟ್ ಕೊಡುವ ಗಾರ್ಡ್‌ಗಳು ಪ್ರತಿ ವರ್ಷ ಹಲವರು ಸಿಗುತ್ತಾರೆ. ಅಷ್ಟು ಕೊಡುವ ಸೆಂಟರ್ ಅಪರೂಪ. ಅಪರೂಪವಾದ್ದಕ್ಕೆಲ್ಲ ಬೆಲೆ ಹೆಚ್ಚೇ? ಸ್ಕೋರ್‌ಬೋರ್ಡಿಗೆ ಪಾಸ್ ಕೊಟ್ಟವರ ಎತ್ತರ ಗೊತ್ತಿಲ್ಲ. ಸೆಂಟರ್ ಕೊಟ್ಟ ಅಸಿಸ್ಟಿನಿಂದ ಬಂದ ಎರಡು ಅಂಕವೂ ಎರಡೇ ಅಂಕ. ಸ್ಥಾನದ ಸರಾಸರಿಯೊಂದಿಗಿನ ಹೋಲಿಕೆ ವಿರಳತೆಯನ್ನು ಅಳೆಯುತ್ತದೆ, ಉಪಯೋಗವನ್ನಲ್ಲ. ಎರಡೂ ಕೂಡುವ ಜಾಗ ಒಂದಿದೆ: ಸೆಂಟರ್ ಆಟಗಾರರೇ ಆಟ ಕಟ್ಟಬಲ್ಲವರಾದರೆ ಗಾರ್ಡ್ ಜಾಗದಲ್ಲಿ ಆಟ ಕಟ್ಟುವವರ ಬದಲು ಇನ್ನೊಬ್ಬ ಗುರಿಕಾರರನ್ನು ಇಳಿಸಬಹುದು. ಆ ಲಾಭ ನಿಜವಾದದ್ದು, ಆದರೆ ಅದು ಸೆಂಟರ್ ಆಟಗಾರರ ಅಂಕಿಗಳಲ್ಲಿ ಬರೆದಿರುವುದಿಲ್ಲ. ಆ ಗುರಿಕಾರರ ಅಂಕಿಗಳಲ್ಲಿ ಹೋಗಿ ಕುಳಿತಿರುತ್ತದೆ.

ಬರೆಯದೇ ಉಳಿದ ಆಟ

ಬಿಲ್ ರಸೆಲ್ ಅವರತ್ತ ಮರಳೋಣ. ಅವರ ಹೆಸರು ಮಾಡಿದ್ದು ಬ್ಲಾಕುಗಳು. ಎದುರಾಳಿಯ ಎಸೆತವನ್ನು ತಡೆದು, ಚೆಂಡನ್ನು ಪ್ರೇಕ್ಷಕರ ನಡುವೆ ಹೊಡೆದು ಚಪ್ಪಾಳೆ ಗಿಟ್ಟಿಸುವ ಬದಲು ತಮ್ಮವರ ಕೈಗೆ ತಳ್ಳುತ್ತಿದ್ದರು. ಅವರ ವೃತ್ತಿಜೀವನದ ಒಟ್ಟು ಬ್ಲಾಕ್ ಎಷ್ಟು? ಅಧಿಕೃತ ದಾಖಲೆ ಇಲ್ಲವೇ ಇಲ್ಲ. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಲೆಕ್ಕ ಇಡಲು ಶುರು ಮಾಡಿದ್ದು 1973–74ರಲ್ಲಿ. ರಸೆಲ್ ನಿವೃತ್ತರಾಗಿದ್ದು 1969ರಲ್ಲಿ. 13 ಋತುಗಳಲ್ಲಿ 11 ಬಾರಿ ಚಾಂಪಿಯನ್ ಆದ ಆಟಗಾರ ಏಕೆ ಅಷ್ಟು ಮುಖ್ಯರಾಗಿದ್ದರು ಎಂಬುದರ ಬಹುದೊಡ್ಡ ಭಾಗ ಪಟ್ಟಿಯಲ್ಲಿ ಖಾಲಿ ಜಾಗ. 1962ರಲ್ಲಿ ಮತ ಹಾಕಿದವರು ಆ ಖಾಲಿ ಜಾಗವನ್ನು ಕಣ್ಣಾರೆ ಕಂಡಿದ್ದರು.

ಈಗ ಬ್ಲಾಕ್ ಮತ್ತು ಸ್ಟೀಲ್ ಎಣಿಸುತ್ತೇವೆ, ಸರಿ. ಆದರೆ ಒಳ್ಳೆಯ ರಕ್ಷಣೆ ಬಹುಪಾಲು ನಡೆಯದೇ ಹೋದ ಘಟನೆಗಳಲ್ಲಿದೆ. ಸೆಂಟರ್ ನಿಂತಿರುವುದನ್ನು ನೋಡಿ ಎದುರಾಳಿ ಒಳಗೆ ನುಗ್ಗದೇ ಹಿಂತಿರುಗಿದರೆ ಯಾರ ಹೆಸರಿಗೂ ಏನೂ ಬರೆಯುವುದಿಲ್ಲ. ಅಂಗಳದ ಅಂಚಿನಲ್ಲಿ ಎದುರಾಳಿಗೆ ಅಂಟಿಕೊಂಡು ಅವರು ಇಷ್ಟಪಡದ ಕೈಯ ಕಡೆಗೆ ತಳ್ಳುವ ಗಾರ್ಡ್ ಇನ್ನೂ ಅಗೋಚರ. ವರ್ಷದ ಶ್ರೇಷ್ಠ ರಕ್ಷಕ ಪ್ರಶಸ್ತಿಯ ಚರಿತ್ರೆ ಇದನ್ನೇ ಹೇಳುತ್ತದೆ. 1996ರಲ್ಲಿ ಗ್ಯಾರಿ ಪೇಟನ್ ಪಡೆದ ಮೇಲೆ ಇನ್ನೊಬ್ಬ ಗಾರ್ಡ್‌ಗೆ ಅದು ಸಿಕ್ಕಿದ್ದು 2022ರಲ್ಲಿ, ಮಾರ್ಕಸ್ ಸ್ಮಾರ್ಟ್ ಅವರಿಗೆ. ಬುಟ್ಟಿಯ ಬಳಿ ನಿಲ್ಲುವವರಿಂದ ಎಲ್ಲರ ತಪ್ಪನ್ನೂ ಸರಿಪಡಿಸಲು ಸಾಧ್ಯ ಎಂಬುದು ನಿಜ, ಅದರ ಬೆಲೆ ಹೆಚ್ಚು ಎಂಬುದೂ ನಿಜ. ಆದರೆ 26 ವರ್ಷಗಳ ಬರಗಾಲಕ್ಕೆ ಅಷ್ಟೇ ಕಾರಣ ಎಂದು ನಮಗೆ ಅನಿಸುವುದಿಲ್ಲ.

ಇಂಥ ಅಗೋಚರ ಆಟಗಾರರ ಪೈಕಿ ಹೆಸರಾದವರು ಶೇನ್ ಬ್ಯಾಟಿಯೆ. ಪಂದ್ಯಕ್ಕೆ ಹತ್ತು ಅಂಕವನ್ನೂ ಮುಟ್ಟದ, ರೀಬೌಂಡಿನಲ್ಲೂ ಸಾಧಾರಣರಾದ ಫಾರ್ವರ್ಡ್. ಅವರ ಬಗ್ಗೆ 2009ರಲ್ಲಿ ಲೇಖಕ ಮೈಕಲ್ ಲೂಯಿಸ್ ಒಂದು ದೀರ್ಘ ಲೇಖನ ಬರೆದರು. ಬ್ಯಾಟಿಯೆ ಅಂಗಳಕ್ಕೆ ಇಳಿದರೆ ಅವರ ತಂಡದ ಎಲ್ಲರೂ ಸ್ವಲ್ಪ ಉತ್ತಮವಾಗಿ ಆಡುತ್ತಿದ್ದರು, ಎದುರಾಳಿಗಳು ಸ್ವಲ್ಪ ಕೆಟ್ಟದಾಗಿ. ರೀಬೌಂಡ್ ತಮಗೆ ಸಿಗುವುದಿಲ್ಲ ಎನಿಸಿದರೆ ಚೆಂಡನ್ನು ಜೊತೆಗಾರರತ್ತ ತಟ್ಟುತ್ತಿದ್ದರು. ತಂಡಕ್ಕೆ ಚೆಂಡು, ಇವರ ಖಾತೆಗೆ ಸೊನ್ನೆ.

ಇಡ್ಲಿ-ವಡೆ ಲೆಕ್ಕ

ಬ್ಯಾಟಿಯೆ ಅಂಥವರನ್ನು ಅಂಕಿಯಲ್ಲಿ ಹಿಡಿಯುವುದು ಹೇಗೆ? ಒಂದು ದಾರಿ, ಅವರು ಏನು ಮಾಡಿದರು ಎಂದು ಎಣಿಸುವುದನ್ನೇ ಬಿಟ್ಟು, ಅವರು ಅಂಗಳದಲ್ಲಿದ್ದಾಗ ತಂಡಕ್ಕೆ ಏನಾಯಿತು ಎಂದು ನೋಡುವುದು. ಆಟಗಾರ ಇದ್ದಾಗ ತಂಡ 60 ಅಂಕ ಗಳಿಸಿ 52 ಬಿಟ್ಟುಕೊಟ್ಟರೆ ಅವರ ಖಾತೆಗೆ ಎಂಟು. ಇದಕ್ಕೆ ಪ್ಲಸ್-ಮೈನಸ್ ಎಂದು ಹೆಸರು. ಇದರ ಸೊಗಸು ಏನೆಂದರೆ ಸೆಂಟರ್, ಗಾರ್ಡ್ ಎಂಬ ಭೇದ ಇದಕ್ಕಿಲ್ಲ. ಎಲ್ಲರನ್ನೂ ಒಂದೇ ನಾಣ್ಯದಲ್ಲಿ, ಗೆಲುವಿಗೆ ಬೇಕಾದ ಅಂಕದಲ್ಲಿ ಅಳೆಯುತ್ತದೆ.

ತೊಡಕೂ ಅಲ್ಲೇ ಇದೆ. ಹೋಟೆಲಿನಲ್ಲಿ ನೀವು ದಿನವೂ ಇಡ್ಲಿ-ವಡೆ ಜೊತೆಯಾಗಿಯೇ ತಿಂದು 60 ರೂಪಾಯಿ ಕೊಡುತ್ತೀರಿ ಎಂದುಕೊಳ್ಳಿ. ಇಡ್ಲಿಗೆಷ್ಟು, ವಡೆಗೆಷ್ಟು? ನೂರು ದಿನದ ಬಿಲ್ ಜೋಡಿಸಿಟ್ಟರೂ ಗೊತ್ತಾಗುವುದಿಲ್ಲ. ಗೆಳೆಯರೊಬ್ಬರು ಬಂದು ಇಡ್ಲಿ ಮಾತ್ರ ತಿಂದು 35 ರೂಪಾಯಿ ಕೊಟ್ಟರೆ ತಟ್ಟನೆ ತಿಳಿಯುತ್ತದೆ, ವಡೆಗೆ 25. ಆಟಗಾರರ ವಿಷಯವೂ ಹೀಗೆಯೇ. ಒಬ್ಬ ಮಹಾನ್ ಆಟಗಾರರ ಜೊತೆಯಲ್ಲೇ ಯಾವಾಗಲೂ ಅಂಗಳಕ್ಕಿಳಿಯುವ ಸಾಧಾರಣ ಆಟಗಾರರ ಪ್ಲಸ್-ಮೈನಸ್ ಕೂಡ ಹೊಳೆಯುತ್ತದೆ. ಇಬ್ಬರೂ ಬೇರೆ ಬೇರೆಯಾಗಿ ಆಡಿದ ನಿಮಿಷಗಳು ಸಾಕಷ್ಟಿದ್ದರೆ ಮಾತ್ರ ಯಾರ ಪಾಲು ಎಷ್ಟು ಎಂದು ಬಿಡಿಸಬಹುದು.

ಈ ಬಿಡಿಸುವ ಕೆಲಸವನ್ನು ಲೀಗಿನ ನೂರಾರು ಆಟಗಾರರಿಗೆ, ಸಾವಿರಾರು ಐವರ ಜೋಡಣೆಗಳಿಗೆ ಒಟ್ಟಿಗೆ ಮಾಡುವ ಸಮೀಕರಣಗಳಿವೆ. ವೇಯ್ನ್ ವಿನ್‌ಸ್ಟನ್ ಮತ್ತು ಜೆಫ್ ಸಗಾರಿನ್ ಎಂಬ ಇಬ್ಬರು 2000ದ ದಶಕದ ಆರಂಭದಲ್ಲಿ ಡಲ್ಲಾಸ್ ತಂಡಕ್ಕಾಗಿ ಇಂಥ ಲೆಕ್ಕ ಹಾಕುತ್ತಿದ್ದರು. ಆಮೇಲೆ ವಿಧಾನ ಇನ್ನಷ್ಟು ಪಳಗಿದೆ. ಆದರೂ ಒಂದೇ ಋತುವಿನ ಮಾಹಿತಿಯಿಂದ ಬರುವ ಉತ್ತರ ಅಲುಗಾಡುತ್ತದೆ. ನೀವು ಅಂಗಳದಲ್ಲಿದ್ದಾಗ ಎದುರಾಳಿಯ ಮೂರಂಕದ ಎಸೆತಗಳು ಅದೃಷ್ಟವಶಾತ್ ಬುಟ್ಟಿಗೆ ಬಿದ್ದರೆ ಆ ಪಾಪ ನಿಮ್ಮ ತಲೆಗೆ. ಎರಡು ಮೂರು ಋತುಗಳ ಮಾಹಿತಿ ಸೇರಿದರೆ ಇಂಥ ಗದ್ದಲ ತಗ್ಗುತ್ತದೆ, ಅಷ್ಟರಲ್ಲಿ ಆಟಗಾರರೇ ಬದಲಾಗಿರುತ್ತಾರೆ! ಒಂದೇ ಪಂದ್ಯದ ಪ್ಲಸ್-ಮೈನಸ್ ನೋಡಿ ಯಾರನ್ನಾದರೂ ಬೈಯುವುದಂತೂ ಅರ್ಥವಿಲ್ಲದ್ದು.

ಎಲ್ಲವನ್ನೂ ಒಂದೇ ಸಂಖ್ಯೆಗೆ ಇಳಿಸುವ ಅಳತೆಗಳೂ ಬೇಕಾದಷ್ಟಿವೆ. ಜಾನ್ ಹಾಲಿಂಜರ್ ರೂಪಿಸಿದ ‘ಪಿಇಆರ್’ ಇವುಗಳಲ್ಲಿ ಪ್ರಸಿದ್ಧ. ಲೀಗಿನ ಸರಾಸರಿ ಯಾವಾಗಲೂ 15 ಇರುವಂತೆ ಅದನ್ನು ಹೊಂದಿಸಲಾಗಿದೆ, ಕಾಲದ ವೇಗವನ್ನೂ ಸರಿದೂಗಿಸಲಾಗಿದೆ. ಆದರೆ ಅದು ತಿನ್ನುವುದು ಎಣಿಸಿದ ಅಂಕಿಗಳನ್ನೇ. ಎಣಿಸದಿದ್ದದ್ದು ಅದಕ್ಕೂ ಕಾಣದು. ಬ್ಯಾಟಿಯೆ ಅಂಥವರು ಅದರಲ್ಲಿ ಸಾಧಾರಣರಾಗಿಯೇ ಉಳಿಯುತ್ತಾರೆ. ಇಂಥ ಸಂಖ್ಯೆಗಳನ್ನು ಥರ್ಮಾಮೀಟರಿನಂತೆ ಬಳಸಬಹುದು. ಜ್ವರ ಇದೆಯೇ ಎಂದು ತಿಳಿಯುತ್ತದೆ, ಯಾವ ಜ್ವರ ಎಂದಲ್ಲ.

ಚರ್ಚೆಯಷ್ಟೇ ಅಲ್ಲ, ದುಡ್ಡು ಕೂಡ

ಇದೆಲ್ಲ ಕಟ್ಟೆ ಮೇಲೆ ಕುಳಿತವರ ಕಾಲಹರಣ ಎನಿಸಬಹುದು. ಆದರೆ ಹೋಲಿಕೆಯ ಮೇಲೆ ಎನ್‌ಬಿಎಯಲ್ಲಿ ಆಟಗಾರರ ಸಂಬಳವೇ ನಿಂತಿದೆ. ಪ್ರತಿ ವರ್ಷ ಪತ್ರಕರ್ತರು ಮತ ಹಾಕಿ ಐದೈದು ಜನರ ಮೂರು ಶ್ರೇಷ್ಠ ತಂಡಗಳನ್ನು ಆರಿಸುತ್ತಾರೆ, ಅದಕ್ಕೆ ‘ಆಲ್-ಎನ್‌ಬಿಎ’ ಎಂದು ಹೆಸರು. ಈ 15ರಲ್ಲಿ ಜಾಗ ಸಿಕ್ಕರೆ ಕೆಲವು ಆಟಗಾರರ ಒಪ್ಪಂದದ ಮಿತಿಯೇ ಏರುತ್ತದೆ. 2021ರಲ್ಲಿ ಬಾಸ್ಟನ್ನಿನ ಜೇಸನ್ ಟೇಟಮ್ ಅವರಿಗೆ ಜಾಗ ಸಿಗಲಿಲ್ಲ. ಐದು ವರ್ಷಗಳ ಒಪ್ಪಂದದಲ್ಲಿ ಅವರ ಕೈತಪ್ಪಿದ್ದು 3 ಕೋಟಿ ಡಾಲರಿಗೂ ಹೆಚ್ಚು.

ಆಗಿನ ನಿಯಮದಂತೆ ಪ್ರತಿ ತಂಡದಲ್ಲಿ ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್, ಒಬ್ಬರೇ ಸೆಂಟರ್ ಇರಬೇಕಿತ್ತು. ಸ್ಥಾನಗಳ ನಡುವೆ ಹೋಲಿಕೆ ಕಷ್ಟ ಎಂಬುದಕ್ಕೆ ಇದೂ ಒಂದು ಪರಿಹಾರವೇ: ಹೋಲಿಸಲೇ ಬೇಡಿ, ಪ್ರತಿ ಸ್ಥಾನಕ್ಕೂ ಕೋಟಾ ಇಡಿ. ಪರಿಣಾಮ ಏನಾಯಿತು? ನಿಕೋಲಾ ಯೋಕಿಚ್ ಮತ್ತು ಜೋಯೆಲ್ ಎಂಬೀಡ್ ಇಬ್ಬರೂ ಸೆಂಟರ್. 2021 ಮತ್ತು 2022ರಲ್ಲಿ ಯೋಕಿಚ್ ಅತ್ಯಮೂಲ್ಯ ಆಟಗಾರರಾದರು, ಎಂಬೀಡ್ ಎರಡನೆಯವರು. 2023ರಲ್ಲಿ ಅದಲು ಬದಲು. ಮೂರೂ ವರ್ಷ ಇಡೀ ಲೀಗಿಗೆ ಎರಡನೆಯ ಶ್ರೇಷ್ಠ ಎನಿಸಿಕೊಂಡವರಿಗೆ ಮೊದಲ ಐವರಲ್ಲಿ ಜಾಗವಿಲ್ಲ, ಎರಡನೆಯ ತಂಡದಲ್ಲಿ ಕೂರಬೇಕಾಯಿತು!

2023–24ರಿಂದ ಲೀಗ್ ಈ ಕೋಟಾವನ್ನು ತೆಗೆದುಹಾಕಿದೆ. ಈಗ ಸ್ಥಾನ ನೋಡದೆ 15 ಜನರನ್ನು ಆರಿಸಬೇಕು, ಮತ್ತು ಪ್ರಶಸ್ತಿಗೆ ಅರ್ಹರಾಗಲು ಸಾಮಾನ್ಯವಾಗಿ 82ರಲ್ಲಿ ಕನಿಷ್ಠ 65 ಪಂದ್ಯ ಆಡಿರಬೇಕು. ನಮ್ಮ ದೃಷ್ಟಿಯಲ್ಲಿ ಇದು ಹಳೆಯದಕ್ಕಿಂತ ಉತ್ತಮ. ಆದರೆ ಕಷ್ಟದ ಕೆಲಸವನ್ನು ಇದು ಮತದಾರರ ತಲೆಯ ಮೇಲೆ ಹೊರಿಸಿದೆ. ಮೊದಲು ಸೆಂಟರ್‌ಗಳನ್ನು ಸೆಂಟರ್‌ಗಳ ಜೊತೆ ತೂಗಿದರೆ ಸಾಕಿತ್ತು. ಈಗ ಹತ್ತು ರೀಬೌಂಡಿನ ಸೆಂಟರ್, ಒಂಬತ್ತು ಅಸಿಸ್ಟಿನ ಗಾರ್ಡ್, ಎದುರಾಳಿಯ ಅತ್ಯುತ್ತಮ ಆಟಗಾರರನ್ನು ಕಟ್ಟಿಹಾಕುವ ಫಾರ್ವರ್ಡ್ ಇವರಲ್ಲಿ ಯಾರಿಗೆ ಕೊನೆಯ ಜಾಗ ಎಂದು ತೀರ್ಮಾನಿಸಬೇಕು. ಅಂಗಳದಲ್ಲೂ ಸ್ಥಾನಗಳ ಗೋಡೆ ಬಿದ್ದುಹೋಗಿರುವಾಗ ಬೇರೆ ದಾರಿಯೂ ಇರಲಿಲ್ಲ. ಸೆಂಟರ್‌ಗಳು ಮೂರಂಕದ ಗೆರೆಯಾಚೆ ನಿಂತು ಎಸೆಯುತ್ತಾರೆ, ಗಾರ್ಡ್‌ಗಳು ರೀಬೌಂಡಿಗೆ ಹಾರುತ್ತಾರೆ.

ಯೋಕಿಚ್ ಅವರದ್ದೇ ಉದಾಹರಣೆ. 2024–25ರಲ್ಲಿ ಅವರು 29.6 ಅಂಕ, 12.7 ರೀಬೌಂಡ್, 10.2 ಅಸಿಸ್ಟ್ ಸರಾಸರಿಯೊಂದಿಗೆ, ಋತುವಿಡೀ ಟ್ರಿಪಲ್ ಡಬಲ್ ಕಾಯ್ದುಕೊಂಡ ಮೊದಲ ಸೆಂಟರ್ ಆದರು. ರಾಬರ್ಟ್‌ಸನ್, ವೆಸ್ಟ್‌ಬ್ರೂಕ್ ನಂತರ ಮೂರನೆಯವರು. ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಹೋಗಿದ್ದು ಒಕ್ಲಹೋಮ ಸಿಟಿಯ ಗಾರ್ಡ್ ಶೇ ಗಿಲ್ಜಸ್-ಅಲೆಕ್ಸಾಂಡರ್ ಅವರಿಗೆ. ಅವರ ತಂಡ ಆ ಋತುವಿನಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದಿತ್ತು, 1962ರ ಸೆಲ್ಟಿಕ್ಸ್‌ನಂತೆ.